ಕೋವಿಯ ಎಣ್ಣೆ, ಗಾಣದ ಎಣ್ಣೆ ಮತ್ತು ಹಳೆಯ ಲೆಕ್ಕದ ಪುಸ್ತಕ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಎಣ್ಣೆ ವ್ಯಾಪಾರಕ್ಕೂ ಅಮೆರಿಕದ ಬಂದೂಕುಗಳಿಗೂ ಏನು ಸಂಬಂಧವೆಂದು ಓದುಗರಿಗೆ ಮೊದಲು ಅನ್ನಿಸಬಹುದು. ಸಂಬಂಧವಿದೆ; ಅದು ಪೇಟೆಂಟ್ ಕಾನೂನಿನ ಮೂಲಕ ಬರುವಂಥದು. ಈ ಸಂಬಂಧವನ್ನು ಅರಿಯದೆ ನಮ್ಮವರೊಬ್ಬರು ನಷ್ಟ ಅನುಭವಿಸಿದ್ದಾರೆ. ಆ ನಷ್ಟದಲ್ಲಿ ಲೆಕ್ಕಪರಿಶೋಧಕನಾದ ನನ್ನ ಪಾಲೂ ಇದೆ. ಆದ್ದರಿಂದಲೇ ಈ ವಿಷಯವನ್ನು ಸದಸ್ಯರ ಮುಂದೆ ಸವಿಸ್ತಾರವಾಗಿ ಇಡಬೇಕೆಂದು ಬಗೆದಿದ್ದೇನೆ.

ಅಮೆರಿಕದ ಪ್ರಕರಣ

ಬಂದೂಕಿನ ಚಲಿಸುವ ಭಾಗಗಳನ್ನು ಶುಚಿಗೊಳಿಸುವುದಕ್ಕೂ ಸವೆಯದಂತೆ ಕಾಯುವುದಕ್ಕೂ ಬಳಸುವ ಎಣ್ಣೆಯೊಂದಕ್ಕೆ 2015ರ ಡಿಸೆಂಬರಿನಲ್ಲಿ ಅಮೆರಿಕದ ಪೇಟೆಂಟ್ ಕಛೇರಿಯು 9,222,050 ಸಂಖ್ಯೆಯ ಪೇಟೆಂಟ್ ನೀಡಿತು. ಫೈರ್‌ಕ್ಲೀನ್ ಎಂಬ ಹೆಸರಿನಿಂದ ಮಾರಾಟವಾಗುತ್ತಿದ್ದ ಈ ಎಣ್ಣೆಯ ವಿಶೇಷವೆಂದರೆ ಅದು ಪೆಟ್ರೋಲಿಯಂ ಮೂಲದ್ದಲ್ಲ. ಹೊಗೆಯೇಳುವ ಉಷ್ಣತೆ ಹೆಚ್ಚಾಗಿರುವ ಹಲವು ಸಸ್ಯಜನ್ಯ ಎಣ್ಣೆಗಳನ್ನು ಗೊತ್ತಾದ ಪ್ರಮಾಣದಲ್ಲಿ ಬೆರೆಸಿ ಬಂದೂಕಿಗೆ ಬಳಸಿದರೆ ಮದ್ದಿನ ಮಸಿಯು ಲೋಹಕ್ಕೆ ಕಚ್ಚಿಕೊಳ್ಳದು ಎಂಬುದು ಅದರ ತಿರುಳು.

ಪೇಟೆಂಟ್ ಕೈಸೇರುವ ಮೊದಲೇ, 2015ರಲ್ಲಿ, ಈ ಎಣ್ಣೆಯ ಬಗ್ಗೆ ವಿವಾದ ಎದ್ದಿತು. ಅವಗೆಂಪು ಕಿರಣಗಳ ಪರೀಕ್ಷೆಗೆ ಒಳಪಡಿಸಿದಾಗ ಇದು ಅಂಗಡಿಯಲ್ಲಿ ಸಿಗುವ ಸಾಮಾನ್ಯ ಅಡುಗೆ ಎಣ್ಣೆಯನ್ನೇ ಹೋಲುತ್ತದೆಂದು ಕೆಲವರು ಬರೆದರು. ಕಂಪನಿಯು ಅದನ್ನು ಅಲ್ಲಗಳೆದು, 2016ರಲ್ಲಿ ವರ್ಜೀನಿಯಾದ ಫೆಡರಲ್ ನ್ಯಾಯಾಲಯದಲ್ಲಿ ಮಾನಹಾನಿ ದಾವೆ ಹೂಡಿತು. ಪ್ರತಿವಾದಿಗಳು ತನ್ನ ಅಧಿಕಾರ ವ್ಯಾಪ್ತಿಗೆ ಬರುವುದಿಲ್ಲವೆಂಬ ಕಾರಣಕ್ಕೆ ಆ ನ್ಯಾಯಾಲಯವು ಅದೇ ವರ್ಷದ ಜೂನ್ ತಿಂಗಳಲ್ಲಿ ದಾವೆಯನ್ನು ವಜಾ ಮಾಡಿತು. ಎಣ್ಣೆಯು ಅಡುಗೆಮನೆಯದೋ ಅಲ್ಲವೋ ಎಂಬ ಪ್ರಶ್ನೆಗೆ ಆ ತೀರ್ಪು ಉತ್ತರ ನೀಡಲಿಲ್ಲ.

ಗಾಣದ ಮನೆಗಳಲ್ಲಿ ಬೆಳೆದವರು ಇದನ್ನು ಕೇಳಿದರೆ ನಕ್ಕಾರು. ಆದರೆ ವರ್ತಕರಾದ ನಾವು ನಗುವ ಮುನ್ನ ಒಂದು ಮಾತನ್ನು ಗಮನಿಸಬೇಕು. ಈ ವಸ್ತು ಅಡುಗೆಮನೆಯಲ್ಲಿ ಸಿಗುವುದೇ ಎಂಬುದಷ್ಟೇ ಪೇಟೆಂಟ್ ಕಛೇರಿಯ ಪ್ರಶ್ನೆಯಲ್ಲ. ಈ ಮಿಶ್ರಣವನ್ನು ಈ ಕೆಲಸಕ್ಕೆ ಬಳಸುವ ಸಂಗತಿಯನ್ನು ಮೊದಲೇ ಯಾರಾದರೂ ಬಹಿರಂಗಪಡಿಸಿದ್ದರೆ? ಹಾಗೆಂದು ತೋರಿಸುವ ದಾಖಲೆ ಎಲ್ಲಿದೆ? ಅದು ಕೇಳುವ ಪ್ರಶ್ನೆ ಇದು. ನಮ್ಮ ಕಷ್ಟವೂ ಇಲ್ಲಿಂದಲೇ ಆರಂಭ.

ಕೀಲೆಣ್ಣೆಯ ಹಳೆಯ ಚರಿತ್ರೆ

ಯಂತ್ರಕ್ಕೆ ಹಾಕುವ ಎಣ್ಣೆಗೆ ಕನ್ನಡದಲ್ಲಿರುವ ಹೆಸರು ಕೀಲೆಣ್ಣೆ. ಪೆಟ್ರೋಲಿಯಂ ಎಣ್ಣೆ ನಮ್ಮ ಹಳ್ಳಿಗಳನ್ನು ಮುಟ್ಟುವ ಮೊದಲೇ ಹುಟ್ಟಿದ ಮಾತಿದು. ಎತ್ತಿನ ಗಾಡಿಯ ಅಚ್ಚಿಗೆ ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ ಬಳಿಯುತ್ತಿದ್ದುದನ್ನು ಹಿರಿಯರು ಬಲ್ಲರು. ದಪ್ಪನೆಯ ಎಣ್ಣೆ ಲೋಹಕ್ಕೆ ಅಂಟಿಕೊಂಡು ನಿಲ್ಲುತ್ತದೆ. ಕರಿಯು ಅದನ್ನು ಸೋರಿಹೋಗದಂತೆ ಹಿಡಿದಿಡುತ್ತದೆ. ಇಂದಿನ ಗ್ರೀಸ್ ಸಹ ಇದೇ ತತ್ತ್ವದ ಮೇಲೆ ನಿಂತಿದೆ.

ಹರಳೆಣ್ಣೆಯ ಈ ಗುಣಕ್ಕೆ ರಸಾಯನಶಾಸ್ತ್ರದ ಕಾರಣವಿದೆ. ಅದರ ಕೊಬ್ಬಿನಾಮ್ಲಗಳಲ್ಲಿ ಸುಮಾರು ಶೇಕಡಾ 85ರಿಂದ 90ರಷ್ಟು ರಿಸಿನೋಲಿಯಿಕ್ ಆಮ್ಲವೊಂದೇ ಇದೆ. ಆದ್ದರಿಂದ ಅದು ಬೇರೆ ಎಣ್ಣೆಗಳಿಗಿಂತ ಬಹಳ ಮಂದವಾಗಿದ್ದು, ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಮೊದಲನೆಯ ಮಹಾಯುದ್ಧದ ವಿಮಾನಗಳ ಸುತ್ತುವ ಎಂಜಿನುಗಳಿಗೆ ಹರಳೆಣ್ಣೆಯನ್ನೇ ಹಾಕುತ್ತಿದ್ದುದು ಈ ಕಾರಣದಿಂದ. ಇಂದು ಪೇಟೆಯಲ್ಲಿ ದೊರೆಯುವ ಕ್ಯಾಸ್ಟ್ರಾಲ್ ಎಂಬ ಹೆಸರು ಸಹ ಹರಳಿನ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್ ಎಂಬುದರಿಂದ ಬಂದದ್ದು. ಗಡಿಯಾರ, ಬಂದೂಕು ಮುಂತಾದ ನಾಜೂಕು ಯಂತ್ರಗಳಿಗೆ ಪಶ್ಚಿಮ ದೇಶಗಳಲ್ಲಿ ತಿಮಿಂಗಿಲದ ಎಣ್ಣೆ ಬಹುಕಾಲ ಬಳಕೆಯಲ್ಲಿತ್ತು. ಅಮೆರಿಕವು 1970ರಲ್ಲಿ ಆ ಜಾತಿಯ ತಿಮಿಂಗಿಲವನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿದ ಮೇಲೆ ಅದಕ್ಕೆ ಬದಲಾಗಿ ಹೊಹೊಬಾ ಎಂಬ ಮರುಭೂಮಿಯ ಗಿಡದ ಬೀಜದೆಣ್ಣೆಯ ಕಡೆ ಉದ್ಯಮದ ಗಮನ ಹರಿಯಿತು.

ಬಂದೂಕಿಗೆ ಸವರುವ ಜಿಡ್ಡಿನ ಮೂಲ ಯಾವುದೆಂಬ ಪ್ರಶ್ನೆ ನಮ್ಮ ದೇಶದ ಇತಿಹಾಸವನ್ನೇ ಅಲುಗಿಸಿದ ಪ್ರಶ್ನೆಯೂ ಹೌದು. ಎನ್‌ಫೀಲ್ಡ್ ಬಂದೂಕಿನ ತೋಟಾಗಳಿಗೆ ಪ್ರಾಣಿಗಳ ಕೊಬ್ಬು ಸವರಲಾಗಿದೆ ಎಂಬ ಸುದ್ದಿ ಹಬ್ಬಿದಾಗ, 1857ರ ಜನವರಿಯಲ್ಲಿ ಕಂಪನಿ ಸರ್ಕಾರವು ಜಿಡ್ಡಿಲ್ಲದ ತೋಟಾಗಳನ್ನು ಕೊಡುವಂತೆಯೂ ಸಿಪಾಯಿಗಳು ತಮಗೆ ಒಪ್ಪುವ ಜಿಡ್ಡನ್ನು ತಾವೇ ಸವರಿಕೊಳ್ಳಬಹುದೆಂದೂ ಆದೇಶಿಸಿತು. ಆದರೆ ಅಷ್ಟರಲ್ಲಿ ನಂಬಿಕೆ ಮುರಿದುಹೋಗಿತ್ತು.

ಸಸ್ಯಜನ್ಯ ಎಣ್ಣೆಗೆ ದೋಷಗಳೂ ಉಂಟು. ದೇವರಮನೆಯ ಹಿತ್ತಾಳೆ ದೀಪವನ್ನು ನಾಲ್ಕು ವಾರ ತೊಳೆಯದೆ ಬಿಟ್ಟರೆ ಅದಕ್ಕೆ ಅಂಟಂಟಾದ ಪೊರೆ ಕಟ್ಟುತ್ತದೆ; ಅಲ್ಲಲ್ಲಿ ಹಸಿರು ಕಿಲುಬೂ ಕಾಣುತ್ತದೆ. ಎಣ್ಣೆಯು ಗಾಳಿಯೊಡನೆ ಕೂಡಿ ಗಟ್ಟಿಯಾಗುವುದು ಮೊದಲನೆಯದಕ್ಕೆ ಕಾರಣ. ಎಣ್ಣೆಯಲ್ಲಿ ಬಿಡಿಯಾಗಿರುವ ಆಮ್ಲ ಎರಡನೆಯದಕ್ಕೆ ಕಾರಣ. ಕೋವಿಯ ಕುದುರೆ ಕೀಲಿಗೆ ಅಂಥ ಅಂಟು ಹಿಡಿದರೆ ಅದು ನಿರುಪಯೋಗಿ. ಆದ್ದರಿಂದ ಯಾವ ಎಣ್ಣೆಯನ್ನು ಯಾವುದರೊಡನೆ ಎಷ್ಟು ಬೆರೆಸಬೇಕು, ಹೇಗೆ ಕಾಯಿಸಿ ಸೋಸಬೇಕು ಎಂಬುದರಲ್ಲಿಯೇ ಜಾಣ್ಮೆ ಇದೆ. ಬೆಲೆ ಇರುವುದು ಆ ಜಾಣ್ಮೆಗೆ. ಪೇಟೆಂಟಿನ ಜಗಳ ನಡೆಯುವುದೂ ಅದರ ಸುತ್ತಲೇ.

ಬೇವಿನೆಣ್ಣೆಯ ಪಾಠ

ಎಣ್ಣೆಯ ಪೇಟೆಂಟ್ ಕುರಿತು ಕರ್ನಾಟಕಕ್ಕೆ ತೀರ ಹತ್ತಿರ ಬಂದ ವ್ಯಾಜ್ಯ ಬೇವಿನೆಣ್ಣೆಯದು. ಅದು ಕೀಲೆಣ್ಣೆಯ ಪ್ರಕರಣವಲ್ಲ, ಬೆಳೆಗಳ ರೋಗನಿವಾರಣೆಯದು. ಆದರೆ ಅದರಲ್ಲಿ ಎದ್ದ ಪ್ರಶ್ನೆ ಒಂದೇ. ಡಬ್ಲ್ಯು.ಆರ್. ಗ್ರೇಸ್ ಎಂಬ ಅಮೆರಿಕದ ಕಂಪನಿಯು ಪಿ.ಜೆ. ಮಾರ್ಗೊ ಸಂಸ್ಥೆಯೊಡನೆ ಸೇರಿ ನಮ್ಮ ತುಮಕೂರಿನಲ್ಲಿ ಬೇವಿನ ಬೀಜ ಸಂಸ್ಕರಿಸುವ ಘಟಕವನ್ನು ನಡೆಸಿತ್ತು. ಇತ್ತ ಬೇವಿನ ಬೀಜದಿಂದ ತೆಗೆದ ಎಣ್ಣೆಯಿಂದ ಗಿಡಗಳ ಶಿಲೀಂಧ್ರ ರೋಗವನ್ನು ತಡೆಯುವ ವಿಧಾನಕ್ಕಾಗಿ ಆ ಕಂಪನಿ ಮತ್ತು ಅಮೆರಿಕದ ಕೃಷಿ ಇಲಾಖೆ ಜಂಟಿಯಾಗಿ ಯುರೋಪಿನ ಪೇಟೆಂಟ್ ಕಛೇರಿಗೆ ಅರ್ಜಿ ಸಲ್ಲಿಸಿದ್ದವು. 1994ರ ಸೆಪ್ಟೆಂಬರಿನಲ್ಲಿ 0436257 ಸಂಖ್ಯೆಯ ಪೇಟೆಂಟ್ ದೊರೆಯಿತು.

ಬೇವಿನ ಪೇಟೆಂಟುಗಳ ವಿರುದ್ಧ ದನಿ ಎತ್ತಿದವರಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘವೂ ಒಂದು. ಕಾನೂನಿನ ಹಾದಿಯಲ್ಲಿ 1995ರ ಜೂನ್ ತಿಂಗಳಲ್ಲಿ ಆಕ್ಷೇಪಣೆ ಸಲ್ಲಿಸಿದವರು ವಂದನಾ ಶಿವ, ಯುರೋಪ್ ಸಂಸತ್ತಿನ ಸದಸ್ಯೆ ಮಗ್ದಾ ಆಲ್ವೂಟ್ ಮತ್ತು ಸಾವಯವ ಕೃಷಿ ಚಳವಳಿಗಳ ಅಂತರರಾಷ್ಟ್ರೀಯ ಒಕ್ಕೂಟ. 2000ದ ಮೇ 10ರಂದು ಪೇಟೆಂಟ್ ರದ್ದಾಯಿತು. ಕಂಪನಿಯ ಮೇಲ್ಮನವಿಯೂ 2005ರ ಮಾರ್ಚ್ 8ರಂದು ಬಿದ್ದುಹೋಯಿತು.

ಸಭೆ ಸಮಾರಂಭಗಳಲ್ಲಿ ಈ ಗೆಲುವನ್ನು ಕೊಂಡಾಡುವವರು, ಬೇವು ನಮ್ಮ ಪುರಾಣಗಳಲ್ಲಿದೆ, ಯುಗಾದಿಯ ಬೇವು ಬೆಲ್ಲದಲ್ಲಿದೆ, ಆದುದರಿಂದ ಗೆದ್ದೆವು ಎಂದು ಹೇಳುವುದುಂಟು. ಅದು ಪೂರ್ಣ ಸತ್ಯವಲ್ಲ. 2000ದ ವಿಚಾರಣೆಯಲ್ಲಿ ತೂಕ ಪಡೆದ ಸಾಕ್ಷ್ಯ ಭಾರತದ ಒಬ್ಬ ಕಾರ್ಖಾನೆದಾರರದು. ಇದೇ ಬಗೆಯ ಬೇವಿನ ಸಾರವನ್ನು ತಾವು 1980ರ ದಶಕದ ಮಧ್ಯಭಾಗದಲ್ಲಿಯೇ ತಯಾರಿಸಿ, ಮಹಾರಾಷ್ಟ್ರದ ರೈತರ ಹೊಲಗಳಲ್ಲಿ ಪ್ರಯೋಗಿಸಿದ್ದಾಗಿ ಅವರು ಪ್ರಮಾಣಪೂರ್ವಕ ಹೇಳಿದರು. ಯಾವ ವರ್ಷ, ಯಾವ ಪ್ರದೇಶ, ಯಾವ ಎಣ್ಣೆ, ಯಾವ ಬೆಳೆ ಎಂದು ನಿಖರವಾಗಿ ಹೇಳಲು ಅವರಿಂದ ಸಾಧ್ಯವಾಯಿತು. ಒಂದು ಬಹುರಾಷ್ಟ್ರೀಯ ಕಂಪನಿ ಮತ್ತು ಒಂದು ಮಹಾದೇಶದ ಸರ್ಕಾರಿ ಇಲಾಖೆ ಜೊತೆಯಾಗಿ ಪಡೆದ ಪೇಟೆಂಟನ್ನು ಅಲುಗಿಸಿದವರಲ್ಲಿ ನಮ್ಮಂಥ ಉದ್ದಿಮೆದಾರರೊಬ್ಬರು ಇದ್ದರೆಂಬುದನ್ನು ನಾವು ಮರೆಯಬಾರದು.

ಅರಿಶಿನದ ಪ್ರಕರಣದಲ್ಲಿಯೂ ಗೆದ್ದದ್ದು ದಾಖಲೆಯೇ. ಗಾಯ ಮಾಯಲು ಅರಿಶಿನ ಬಳಸುವ ವಿಧಾನಕ್ಕೆ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾನಿಲಯದ ವೈದ್ಯಕೀಯ ಕೇಂದ್ರವು 1995ರಲ್ಲಿ ಪೇಟೆಂಟ್ ಪಡೆದಾಗ, ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು (ಸಿಎಸ್‌ಐಆರ್) ಮರುಪರಿಶೀಲನೆಗೆ ಕೋರಿ 32 ಲಿಖಿತ ಆಧಾರಗಳನ್ನು ಮುಂದಿಟ್ಟಿತು. ಅವುಗಳಲ್ಲಿ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1953ರಲ್ಲಿ ಪ್ರಕಟವಾದ ಲೇಖನವೂ ಇತ್ತು. ಅಂದಿನ ಅಮೆರಿಕದ ಕಾನೂನಿನಂತೆ ಬೇರೆ ದೇಶದಲ್ಲಿ ಒಂದು ವಸ್ತು ಬಳಕೆಯಲ್ಲಿತ್ತೆಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲುತ್ತಿರಲಿಲ್ಲ. ಅದು ಎಲ್ಲಾದರೂ ಮುದ್ರಿತವಾಗಿರಬೇಕಾಗಿತ್ತು. 2013ರ ಮಾರ್ಚಿನಿಂದ ಆ ಕಾನೂನು ಬದಲಾಗಿ, ಹೊರದೇಶದ ಬಹಿರಂಗ ಬಳಕೆಯೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಆದರೆ ಬಳಕೆಯನ್ನು ಸಾಬೀತುಪಡಿಸುವ ಹೊಣೆ ಈಗಲೂ ಆಕ್ಷೇಪಿಸುವವರ ಮೇಲೆಯೇ ಇದೆ.

ಅರಿಶಿನದ ಅನುಭವದ ಬಳಿಕ ಕೇಂದ್ರ ಸರ್ಕಾರವು 2001ರಲ್ಲಿ ಪರಂಪರಾಗತ ಜ್ಞಾನದ ಡಿಜಿಟಲ್ ಗ್ರಂಥಾಲಯವನ್ನು ಆರಂಭಿಸಿತು. ಸ್ತುತ್ಯವಾದ ಕೆಲಸವೇ. ಆದರೆ ಅದು ಮುಖ್ಯವಾಗಿ ಆಯುರ್ವೇದ, ಯುನಾನಿ, ಸಿದ್ಧ ಮತ್ತು ಯೋಗಕ್ಕೆ ಸಂಬಂಧಿಸಿದ್ದು. ಸಂಸ್ಕೃತ, ಅರಬ್ಬಿ, ಪಾರ್ಸಿ, ಉರ್ದು, ತಮಿಳು ಗ್ರಂಥಗಳನ್ನು ಆಧರಿಸಿ ಕಟ್ಟಿದ್ದು. ಗಾಡಿಯ ಅಚ್ಚಿನ ಎಣ್ಣೆ, ಮಗ್ಗದ ಎಣ್ಣೆ, ಕೋವಿಯ ಎಣ್ಣೆ ಅದರ ಗುರಿಯಾಗಿರಲಿಲ್ಲ. ನಮ್ಮ ಕೈಕಸುಬಿನ ಜ್ಞಾನಕ್ಕೆ ಕಾವಲಿರಬೇಕಾದರೆ ಅದನ್ನು ನಾವೇ ಇಡಬೇಕು.

ನಮ್ಮೂರಿನಲ್ಲಿ ನಡೆದದ್ದು

ಈಗ ನಾನು ಆರಂಭದಲ್ಲಿ ಸೂಚಿಸಿದ ಸಂಗತಿಗೆ ಬರುತ್ತೇನೆ. ತಿ. ನರಸೀಪುರದ ಕಡೆಯ ಎಣ್ಣೆ ಗಿರಣಿಯೊಂದರ ಲೆಕ್ಕಪತ್ರಗಳನ್ನು ನಾನು ಬಹಳ ವರ್ಷಗಳಿಂದ ನೋಡುತ್ತಿದ್ದೇನೆ. ಮಾಲೀಕರ ತಂದೆಯ ಕಾಲದಿಂದ ಅಲ್ಲಿ ಹರಳೆಣ್ಣೆಗೆ ಇನ್ನೆರಡು ಎಣ್ಣೆಗಳನ್ನು ಬೆರೆಸಿ, ಕಾಯಿಸಿ, ಸೋಸಿ ಒಂದು ಯಂತ್ರದೆಣ್ಣೆಯನ್ನು ತಯಾರಿಸುತ್ತಿದ್ದರು. ಅಕ್ಕಿ ಗಿರಣಿಗಳವರು, ಹೊಲಿಗೆ ಯಂತ್ರದವರು, ನಂಜನಗೂಡಿನ ಲೇತ್ ಕೆಲಸದವರು ಅದನ್ನು ಕೊಳ್ಳುತ್ತಿದ್ದರು. ಕೊಡಗಿನಿಂದ ಬರುವ ಕೆಲವು ತೋಟದವರು ಕೈಲ್‌ಪೊಳ್ದ್ ಹಬ್ಬಕ್ಕೆ ಮುನ್ನ ಕೋವಿ ಒರೆಸಲೆಂದು ತಪ್ಪದೆ ಒಯ್ಯುತ್ತಿದ್ದರು. ವಹಿವಾಟು ದೊಡ್ಡದಲ್ಲ, ಆದರೆ ಗಿರಣಿಗೆ ಹಿಂಡಿ ಮತ್ತು ಅಡುಗೆ ಎಣ್ಣೆಯಿಂದ ಬರುವುದಕ್ಕಿಂತ ಹೆಚ್ಚಿನ ಲಾಭಾಂಶ ಬರುತ್ತಿದ್ದುದು ಈ ಡಬ್ಬಗಳಿಂದಲೇ.

ಕೆಲವು ವರ್ಷಗಳ ಹಿಂದೆ ಹೊರ ರಾಜ್ಯದ ಕಂಪನಿಯೊಂದರಿಂದ ವಕೀಲರ ನೋಟೀಸು ಬಂದಿತು. ಸಸ್ಯಜನ್ಯ ಎಣ್ಣೆಗಳ ಅಂಥದೇ ಮಿಶ್ರಣಕ್ಕೆ ತಮಗೆ ಭಾರತದಲ್ಲಿ ಪೇಟೆಂಟ್ ದೊರೆತಿದೆ, ತಯಾರಿಕೆಯನ್ನು ನಿಲ್ಲಿಸಬೇಕು, ಇಲ್ಲವಾದರೆ ನಷ್ಟ ಪರಿಹಾರದ ದಾವೆ ಹೂಡಲಾಗುವುದು ಎಂಬುದು ಅದರ ಸಾರಾಂಶ. ಮಾಲೀಕರು ನೋಟೀಸನ್ನು ಹಿಡಿದು ನನ್ನ ಕಛೇರಿಗೆ ಬಂದರು.

“ನಮ್ಮಪ್ಪನ ಕಾಲದಿಂದ ಮಾಡ್ತಾ ಇದ್ದೀವಿ ಸಾರ್. ಊರಿಗೆಲ್ಲ ಗೊತ್ತು,” ಎಂದರು.

ಊರಿಗೆ ಗೊತ್ತಿರುವುದನ್ನು ಕಾಗದ ಹೇಳಬೇಕಲ್ಲ! ನಾವಿಬ್ಬರೂ ಕಡತಗಳನ್ನು ಹುಡುಕಿದೆವು. ದೊರೆತ ಬಿಲ್ಲುಗಳಲ್ಲಿ ಆ ಸರಕಿನ ವಿವರಣೆ “ಎಣ್ಣೆ, ಇತರೆ” ಎಂದಷ್ಟೇ ಇತ್ತು. ದಾಸ್ತಾನು ಪುಸ್ತಕದಲ್ಲಿ ಹರಳೆಣ್ಣೆ ಕಚ್ಚಾ ಸರಕಾಗಿ ಒಳಗೆ ಹೋದದ್ದು ಕಾಣುತ್ತಿತ್ತು. ಯಾವ ಪ್ರಮಾಣದಲ್ಲಿ ಯಾವುದಕ್ಕೆ ಬೆರೆಯಿತೆಂಬುದು ಕಾಣುತ್ತಿರಲಿಲ್ಲ. ಪೇಟೆಂಟ್ ಅರ್ಜಿಯ ದಿನಾಂಕಕ್ಕಿಂತ ಹಿಂದಿನ ಪುಸ್ತಕಗಳಂತೂ ಇರಲೇ ಇಲ್ಲ. ತಂದೆಯವರು ಮಿಶ್ರಣದ ಪ್ರಮಾಣವನ್ನು ಬರೆದಿಡುತ್ತಿದ್ದ ಕೈಪುಸ್ತಕವೂ ಹಳೆಯ ಲೆಜರುಗಳೊಂದಿಗೆ ರದ್ದಿಗೆ ಹೋಗಿತ್ತು. ಅವನ್ನು ರದ್ದಿಗೆ ಹಾಕಬಹುದೆಂದು ಹೇಳಿದವನು ನಾನೇ. ತೆರಿಗೆ ಕಾನೂನಿನ ಅವಧಿ ಮುಗಿದಿದೆ, ಗೋಡೌನಿನಲ್ಲಿ ಜಾಗ ಬೇಕು, ಗೆದ್ದಲು ಹಿಡಿಯುತ್ತಿದೆ. ನನ್ನ ಸಲಹೆ ಆ ದಿನಕ್ಕೆ ಸರಿಯಾಗಿಯೇ ಕಂಡಿತ್ತು.

ಮೈಸೂರಿನ ವಕೀಲರು ಎಲ್ಲವನ್ನೂ ಕೇಳಿ, ಪೇಟೆಂಟನ್ನು ಪ್ರಶ್ನಿಸಲು ಕಾನೂನಿನಲ್ಲಿ ಅವಕಾಶವಿದೆ, ಆದರೆ ಸಾಕ್ಷಿಗಳ ಬಾಯಿಮಾತಿನ ಮೇಲೆ ಮಾತ್ರ ನಿಂತು ಉಚ್ಚ ನ್ಯಾಯಾಲಯದವರೆಗೆ ಹೋಗುವ ವೆಚ್ಚವನ್ನು ಈ ಸರಕು ಹೊರಲಾರದು ಎಂದರು. ಮಾಲೀಕರು ತಯಾರಿಕೆಯನ್ನು ನಿಲ್ಲಿಸಿದರು. ಆ ಡಬ್ಬಗಳಿಗೆ ಮುದ್ರಿಸಿದ್ದ ಚೀಟಿಗಳು ಇಂದಿಗೂ ಗಿರಣಿಯ ಮೂಲೆಯಲ್ಲಿ ಕಟ್ಟಾಗಿ ಬಿದ್ದಿವೆ. ನನ್ನನ್ನು ಅವರು ದೂರಲಿಲ್ಲ. ದೂರಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಆರು ವರ್ಷದ ಲೆಕ್ಕ, ಇಪ್ಪತ್ತು ವರ್ಷದ ಹಕ್ಕು

ಲೆಕ್ಕಪರಿಶೋಧಕರಾದ ನಾವು ಕಕ್ಷಿದಾರರಿಗೆ ಹೇಳುವ ಅವಧಿಗಳು ತೆರಿಗೆ ಮತ್ತು ಕಂಪನಿ ಕಾನೂನುಗಳವು. ಸರಕು ಮತ್ತು ಸೇವಾ ತೆರಿಗೆ ಕಾನೂನಿನ 36ನೆಯ ಕಲಮಿನಂತೆ, ಆಯಾ ವರ್ಷದ ವಾರ್ಷಿಕ ವಿವರಪಟ್ಟಿಯನ್ನು ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಗಳನ್ನು ಇಡಬೇಕು. 2013ರ ಕಂಪನಿಗಳ ಕಾನೂನಿನ 128ನೆಯ ಕಲಮಿನಂತೆ ಕಂಪನಿಗಳು ಎಂಟು ವರ್ಷದ ಪುಸ್ತಕಗಳನ್ನು ಇಡಬೇಕು. ಪೇಟೆಂಟಿನ ಅವಧಿಯಾದರೋ ಅರ್ಜಿಯ ದಿನಾಂಕದಿಂದ 20 ವರ್ಷ. ಇಂದು ಒಬ್ಬರು ಅರ್ಜಿ ಹಾಕಿ, 15 ವರ್ಷಗಳ ನಂತರ ನಿಮಗೆ ನೋಟೀಸು ಕೊಟ್ಟರೆ, ನೀವು ತೋರಿಸಬೇಕಾದದ್ದು ಅರ್ಜಿಗಿಂತಲೂ ಹಿಂದಿನ ಬಳಕೆಯನ್ನು. ತೆರಿಗೆ ಅಧಿಕಾರಿಗೆ ಬೇಡವಾದ ಪುಸ್ತಕವೇ ಅಂದು ನಿಮಗೆ ಬೇಕಾಗುತ್ತದೆ.

ಕ್ರಮವಾಗಿ ಬರೆದ ಲೆಕ್ಕಪುಸ್ತಕಗಳ ನಮೂದುಗಳಿಗೆ ಸಾಕ್ಷ್ಯ ಕಾನೂನು ಬೆಲೆ ಕೊಡುತ್ತದೆ. ಅವುಗಳ ಜೊತೆಗೆ ಬೇರೆ ಪುರಾವೆಯೂ ಬೇಕು ಎನ್ನುತ್ತದೆ. ಸೂಕ್ತ ಸ್ವಾಧೀನದಿಂದ ಬಂದ 30 ವರ್ಷ ಹಳೆಯ ದಸ್ತಾವೇಜಿನ ಬರಹ ಮತ್ತು ಸಹಿಯನ್ನು ನೈಜವೆಂದು ನ್ಯಾಯಾಲಯವು ಭಾವಿಸಬಹುದು. ಅಜ್ಜನ ಕೈಬರಹದ ಪುಸ್ತಕವನ್ನು ಹಳೆಯ ಕಾಗದವೆಂದು ಹೀಗಳೆಯುವಂತಿಲ್ಲ.

ಭಾರತದ ಕಾನೂನು ಏನನ್ನುತ್ತದೆ?

1970ರ ಪೇಟೆಂಟ್ ಕಾನೂನು ಸಣ್ಣ ತಯಾರಕರ ವಿರೋಧಿಯಲ್ಲ. ಅದರ 3ನೆಯ ಕಲಮಿನಲ್ಲಿ ಯಾವುದು ಆವಿಷ್ಕಾರವಲ್ಲವೆಂದು ಹೇಳಿದೆ. 3(ಡಿ) ಪ್ರಕಾರ ತಿಳಿದ ವಸ್ತುವಿನ ಬರಿಯ ಹೊಸ ಉಪಯೋಗ ಆವಿಷ್ಕಾರವಲ್ಲ. 3(ಇ) ಪ್ರಕಾರ ಘಟಕಗಳ ಗುಣಗಳು ಒಟ್ಟುಗೂಡುವುದರ ಹೊರತು ಬೇರೇನೂ ಸಂಭವಿಸದ ಬರಿಯ ಮಿಶ್ರಣ ಆವಿಷ್ಕಾರವಲ್ಲ. 3(ಪಿ) ಪ್ರಕಾರ ಪರಂಪರಾಗತ ಜ್ಞಾನವು ಆವಿಷ್ಕಾರವಲ್ಲ. ಮೂರು ಅಡುಗೆ ಎಣ್ಣೆಗಳನ್ನು ಬೆರೆಸಿ ಕೋವಿಗೆ ಹಾಕುವ ಸಂಗತಿಗೆ ಅಮೆರಿಕಕ್ಕಿಂತ ಇಲ್ಲಿ ಹೆಚ್ಚಿನ ತಡೆಗಳಿವೆ. ಮಿಶ್ರಣದಿಂದ ಘಟಕಗಳಲ್ಲಿಲ್ಲದ ಹೊಸ ಪರಿಣಾಮ ಹುಟ್ಟುತ್ತದೆಂದು ಅರ್ಜಿದಾರರು ತೋರಿಸಬೇಕಾಗುತ್ತದೆ. ಆದರೆ ಹಾಗೆ ತೋರಿಸಿದವರಿಗೆ ಪೇಟೆಂಟ್ ದೊರೆಯುವುದು ನ್ಯಾಯವೇ. ಕಷ್ಟಪಟ್ಟು ಸಂಶೋಧನೆ ಮಾಡಿದವರನ್ನು ಕಳ್ಳರೆಂದು ಕರೆಯುವುದು ಸಲ್ಲದು. ನಾಳೆ ನಮ್ಮ ಸದಸ್ಯರೇ ಅಂಥ ಅರ್ಜಿದಾರರಾಗಬಹುದು.

ಆಕ್ಷೇಪಣೆಗೆ ಎರಡು ಹಂತಗಳಿವೆ. ಅರ್ಜಿಯು ಸಾಮಾನ್ಯವಾಗಿ 18 ತಿಂಗಳ ನಂತರ ಪೇಟೆಂಟ್ ಕಛೇರಿಯ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ. ಆಗಿನಿಂದ ಪೇಟೆಂಟ್ ನೀಡುವವರೆಗೆ 25(1) ಕಲಮಿನಂತೆ ಯಾರು ಬೇಕಾದರೂ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಪೇಟೆಂಟ್ ನೀಡಿಕೆ ಪ್ರಕಟವಾದ ಮೇಲೆ ಒಂದು ವರ್ಷದೊಳಗೆ, ಹಿತಾಸಕ್ತಿಯುಳ್ಳವರು 25(2) ಕಲಮಿನಂತೆ ಆಕ್ಷೇಪಿಸಬಹುದು. ಆ ವರ್ಷವೂ ಕಳೆದರೆ 64ನೆಯ ಕಲಮಿನಂತೆ ಉಚ್ಚ ನ್ಯಾಯಾಲಯದಲ್ಲಿ ರದ್ದತಿ ಕೋರಬೇಕು. ಮೊದಲ ಹಂತ ಅಗ್ಗದ್ದು, ಕೊನೆಯದು ದುಬಾರಿ. ನಮ್ಮ ಗಿರಣಿಯವರಿಗೆ ಸುದ್ದಿ ತಿಳಿದದ್ದು ಮೂರನೆಯ ಹಂತದಲ್ಲಿ. ಪೇಟೆಂಟ್ ಪತ್ರಿಕೆ ಪ್ರತಿ ಶುಕ್ರವಾರ ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ. ಆದರೆ ಅದನ್ನು ಓದುವ ಅಭ್ಯಾಸ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ.

ನಾವು ಮಾಡಬೇಕಾದದ್ದು

ಮೊದಲನೆಯದಾಗಿ, ಬಿಲ್ಲಿನಲ್ಲಿ ಸರಕಿನ ಹೆಸರನ್ನು ಸರಿಯಾಗಿ ಬರೆಯಬೇಕು. “ಎಣ್ಣೆ, ಇತರೆ” ಎಂಬುದು ತೆರಿಗೆಗೂ ಒಳ್ಳೆಯದಲ್ಲ. ಬರಿಯ ಹರಳೆಣ್ಣೆ 1515ರ ಶೀರ್ಷಿಕೆಗೆ ಬರುತ್ತದೆ. ತಿನ್ನಲು ಬಾರದ ಎಣ್ಣೆಗಳ ಮಿಶ್ರಣಗಳು 1518ಕ್ಕೆ, ಕೀಲೆಣ್ಣೆಯ ಸಿದ್ಧ ವಸ್ತುಗಳು 3403ಕ್ಕೆ ಬರುತ್ತವೆ. ನಿಮ್ಮ ಸರಕು ಯಾವುದಕ್ಕೆ ಸೇರುತ್ತದೆಂದು ಸಲಹೆಗಾರರಿಂದ ಖಚಿತಪಡಿಸಿಕೊಂಡು, “ಹರಳೆಣ್ಣೆ ಮೂಲದ ಯಂತ್ರದೆಣ್ಣೆ” ಎಂಬಂತೆ ಉಪಯೋಗವೂ ತಿಳಿಯುವ ಹಾಗೆ ನಮೂದಿಸಿರಿ.

ಎರಡನೆಯದಾಗಿ, ಪ್ರತಿ ತಯಾರಿಕೆಗೂ ದಿನಾಂಕ, ಕಚ್ಚಾ ಸರಕು, ಪ್ರಮಾಣ, ಕಾಯಿಸಿದ ಉಷ್ಣತೆ ಇವುಗಳನ್ನು ಪುಟಸಂಖ್ಯೆ ಇರುವ ಪುಸ್ತಕದಲ್ಲಿ ಬರೆದು ಸಹಿ ಮಾಡಿಸಿರಿ. ವರ್ಷಕ್ಕೊಮ್ಮೆಯಾದರೂ ಮಾದರಿಯನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ ವರದಿಯನ್ನು ಕಾಪಾಡಿರಿ. ಅರಿಶಿನದ ಪೇಟೆಂಟಿನ ವಿರುದ್ಧ ಹೋರಾಡಿದ ಸಿಎಸ್‌ಐಆರ್‌ನದೇ ಆದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ 1950ರಿಂದ ಮೈಸೂರಿನಲ್ಲಿಯೇ ಇದೆ. ಎಣ್ಣೆ ಬೀಜಗಳ ಬಗ್ಗೆ ತಿಳಿವಳಿಕೆ ಪಡೆಯಲು ದೂರ ಹೋಗಬೇಕಾಗಿಲ್ಲ.

ಮೂರನೆಯದಾಗಿ, ನಿಮ್ಮ ತಯಾರಿಕೆ ಗುಟ್ಟೋ, ಪೇಟೆಂಟೋ, ಬಹಿರಂಗವೋ ಎಂದು ಮುಂಚಿತವಾಗಿ ತೀರ್ಮಾನಿಸಬೇಕು. ಹೊಸತೆಂದು ನಂಬಿಕೆಯಿದ್ದರೆ ಮಾರುವ ಮುನ್ನ, ಪ್ರದರ್ಶಿಸುವ ಮುನ್ನ, ತಾತ್ಕಾಲಿಕ ವಿವರಣೆಯೊಡನೆ ಅರ್ಜಿ ಹಾಕಬಹುದು. ಪೂರ್ಣ ವಿವರಣೆಗೆ 12 ತಿಂಗಳ ಅವಕಾಶವಿದೆ. ವ್ಯಕ್ತಿಗಳಿಗೂ ಸಣ್ಣ ಉದ್ದಿಮೆಗಳಿಗೂ ಅಂತರಜಾಲದ ಮೂಲಕ ಸಲ್ಲಿಸುವ ಅರ್ಜಿಯ ಮೂಲ ಶುಲ್ಕ 1,600 ರೂಪಾಯಿ. ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಛೇರಿಗೆ ಸಲ್ಲುತ್ತವೆ. ಬೆಂಗಳೂರಿನ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರವಿದೆ. ದೇಶದ ಸಸ್ಯ ಸಂಪತ್ತನ್ನು ಆಧರಿಸಿದ ಅರ್ಜಿಗೆ 2002ರ ಜೈವಿಕ ವೈವಿಧ್ಯ ಕಾನೂನು ಅನ್ವಯಿಸಬಹುದು. 2023ರಲ್ಲಿ ಆದ ತಿದ್ದುಪಡಿಯಂತೆ ಭಾರತೀಯ ಅರ್ಜಿದಾರರು ಪೇಟೆಂಟ್ ದೊರೆಯುವ ಮೊದಲು ರಾಷ್ಟ್ರೀಯ ಜೈವಿಕ ವೈವಿಧ್ಯ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳಬೇಕು.

ನಾಲ್ಕನೆಯದಾಗಿ, ಪೇಟೆಂಟ್ ಒಂದೇ ರಕ್ಷಣೆಯಲ್ಲ. ಬಿ.ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿ ಊರಿನ ಹೆಸರಿನೊಂದಿಗೇ ಮನೆಮಾತಾಯಿತು. ನಂಜನಗೂಡು ರಸಬಾಳೆಗೆ ಭೌಗೋಳಿಕ ಗುರುತಿನ ನೋಂದಣಿ ಇದೆ. ಹೆಸರು, ಗುರುತು, ಗ್ರಾಹಕರ ವಿಶ್ವಾಸ ಇವುಗಳಿಗೆ 20 ವರ್ಷದ ಮಿತಿಯಿಲ್ಲ. ವ್ಯಾಪಾರ ಚಿಹ್ನೆಯನ್ನು ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತ ಹೋಗಬಹುದು.

ಕೊನೆಯದಾಗಿ, ನಮ್ಮ ವಾಣಿಜ್ಯ ಮಂಡಳಿಗೆ ಒಂದು ಸಲಹೆ. ಎರಡು ತಾಲ್ಲೂಕುಗಳ ಗಾಣದವರು, ಗಿರಣಿಯವರು, ಲೇತ್ ಕೆಲಸದವರು ಹಿಂದಿನಿಂದ ಬಳಸುತ್ತ ಬಂದ, ಗುಟ್ಟಾಗಿಡಲು ಇಚ್ಛಿಸದ ತಯಾರಿಕೆಗಳನ್ನು ಕಲೆಹಾಕಿ, ವರ್ಷಕ್ಕೊಮ್ಮೆ ಈ ಪತ್ರಿಕೆಯಲ್ಲಿಯೇ ದಿನಾಂಕ ಸಹಿತ ಪ್ರಕಟಿಸಬೇಕು. ಮುದ್ರಿತವಾಗಿ ಸಾರ್ವಜನಿಕರ ಕೈಸೇರಿದ ಸಂಗತಿಗೆ ಆಮೇಲೆ ಬೇರೊಬ್ಬರು ಹೊಸತೆಂದು ಪೇಟೆಂಟ್ ಪಡೆಯುವುದು ಕಷ್ಟ. 1953ರ ಒಂದು ಪತ್ರಿಕಾ ಲೇಖನವು ನಾಲ್ಕು ದಶಕಗಳ ನಂತರ ಅರಿಶಿನವನ್ನು ಕಾಯಲು ನೆರವಾಯಿತು. ನಮ್ಮ ಪತ್ರಿಕೆಯ ಪುಟಗಳೂ ಮುಂದೊಂದು ದಿನ ಯಾರದೋ ಗಿರಣಿಯನ್ನು ಕಾಯಬಹುದು.

ಈ ಪ್ರದೇಶಕ್ಕೆ ಬರೆದಿಡುವುದು ಹೊಸದಲ್ಲ. ಬಿ.ಎಲ್. ರೈಸ್ ಅವರು 1894ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳಿವೆ. ದೇವಾಲಯದ ನಂದಾದೀವಿಗೆಗೆ ಎಷ್ಟು ಎಣ್ಣೆ, ಗಾಣಕ್ಕೆ ಎಷ್ಟು ತೆರಿಗೆ ಎಂಬುದನ್ನು ಕಲ್ಲಿನಲ್ಲಿ ಕೊರೆಸಿದ ನಾಡು ನಮ್ಮದು. ನಾವು ಕಾಗದದಲ್ಲಾದರೂ ಬರೆಯೋಣ.

ನನ್ನ ಕಛೇರಿಯಲ್ಲಿ ಈಗ ಒಂದು ನಿಯಮ ಮಾಡಿಕೊಂಡಿದ್ದೇನೆ. ಯಾವ ತಯಾರಕರೇ ಆಗಲಿ, ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕಬಹುದೇ ಎಂದು ಕೇಳಿದರೆ, ಅವುಗಳಲ್ಲಿ ತಯಾರಿಕೆಯ ವಿವರವೇನಾದರೂ ಇದೆಯೇ ಎಂದು ನಾನೇ ಕುಳಿತು ನೋಡದೆ ಒಪ್ಪಿಗೆ ಕೊಡುವುದಿಲ್ಲ. ತಿ. ನರಸೀಪುರದ ಆ ಮಾಲೀಕರು ಈಗ ತಮ್ಮ ಇನ್ನೊಂದು ಎಣ್ಣೆಯ ವಿವರವನ್ನು ದಿನವೂ ಬರೆಯುತ್ತಿದ್ದಾರೆ. ಆ ಪುಸ್ತಕದ ಮೊದಲ ಪುಟಕ್ಕೆ ಸಾಕ್ಷಿಯಾಗಿ ಸಹಿ ಹಾಕಿದವನು ನಾನು.